ಜಾವಾ ಟೈಮಿಂಗ್‌ಗೆ ಕಿವಿ ಸಾಲದು

“ಕಿವೀಲೇ ಟೈಮಿಂಗ್ ಇಡ್ತೀನಿ ಅಂತ ಯಾವನಾದ್ರೂ ಹೇಳಿದ್ರೆ, ಮೊದ್ಲು ಗಾಡಿ ಕೀ ವಾಪಸ್ ಇಸ್ಕೊಳಿ ಸಾರ್.”

ಮೈಸೂರಿನ ಮಂಡಿ ಮೊಹಲ್ಲಾದ ಸಂದಿಯೊಂದರ ಗ್ಯಾರೇಜ್ ಅದು. ಒಂದು ಗಾಡಿ ಒಳಗೆ ನಿಂತರೆ ಇನ್ನೊಂದು ಚರಂಡಿ ಕಲ್ಲಿನ ಮೇಲೆ ಕಾಯಬೇಕು. ಮಾತಾಡಿದ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. “ಪೇಪರಲ್ಲಿ ಹೆಸ್ರು ಹಾಕ್ಬೇಡಿ, ನಾಳೆಯಿಂದ ಊರಲ್ಲಿರೋ ಗುಜರಿ ಗಾಡಿ ಎಲ್ಲಾ ನನ್ ಬಾಗ್ಲಿಗೇ ಬತ್ತವೆ” ಎಂದು ಮೊದಲೇ ಷರತ್ತು ಹಾಕಿದರು. ಹಾಗಾಗಿ ಇಲ್ಲಿ ಅವರು ಬರೀ ಮೇಸ್ತ್ರಿ.

ನಿಜ ಹೇಳಬೇಕೆಂದರೆ ನಾನು ಹೋಗಿದ್ದೇ ಅವರ ಕಿವಿಯ ಮಹಿಮೆ ಬರೆಯಲಿಕ್ಕೆ. ಹಳೆಯ ಮೋಟಾರ್‌ಸೈಕಲ್ ಮೋಹಿಗಳು ನಾಲ್ಕು ಜನ ಸೇರಿದಲ್ಲೆಲ್ಲ ಒಂದು ಕಥೆ ಇದ್ದೇ ಇರುತ್ತದೆ. ಯಾವುದೋ ಊರಿನ ಯಾವುದೋ ಮೇಸ್ತ್ರಿ ಸ್ಕ್ರೂ ಡ್ರೈವರಿನ ಒಂದು ತುದಿಯನ್ನು ಎಂಜಿನ್‌ಗೆ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ, ಪ್ಲೇಟನ್ನು ಒಂದಿಷ್ಟು ಸರಿಸಿ “ಆಯ್ತು ತಗೊಂಡೋಗಿ” ಎಂದನಂತೆ. ಗಾಡಿ ಆಮೇಲೆ ಹತ್ತು ವರ್ಷ ಕೆಮ್ಮಲಿಲ್ಲವಂತೆ. ಈ ಕಥೆಯ ಜೀವಂತ ನಾಯಕ ಸಿಗುತ್ತಾನೆಂದು ಹೋದವನಿಗೆ ಸಿಕ್ಕಿದ್ದು, ಪಿಂಗಾಣಿ ಒಡೆದುಹಾಕಿದ ಒಂದು ಹಳೆಯ ಸ್ಪಾರ್ಕ್ ಪ್ಲಗ್, ಅದರೊಳಗೆ ಕೂತ ಒಂದು ಬೋಲ್ಟು, ಸಿಗರೇಟು ಪ್ಯಾಕಿನ ಮೇಲಿನ ತೆಳು ಹಾಳೆಯ ಒಂದು ಚೂರು. ಕಿವಿಗಿಂತ ಸಾವಿರ ಪಾಲು ರೋಚಕವಾದ ಸಾಮಾನುಗಳಿವು ಎಂದು ಆ ಮಧ್ಯಾಹ್ನ ನನಗೆ ಖಾತ್ರಿಯಾಯಿತು. ಆ ಖುಷಿ ಇನ್ನೂ ಇಳಿದಿಲ್ಲ.

ಒಂದು ಮಿಲಿಸೆಕೆಂಡಿನ ವ್ಯವಹಾರ

ಸಿಲಿಂಡರಿನೊಳಗೆ ಪೆಟ್ರೋಲು, ಗಾಳಿ ಬೆರೆತ ಆವಿಗೆ ಕಿಡಿ ತಗುಲಿದ ತಕ್ಷಣ ಎಲ್ಲವೂ ಒಮ್ಮೆಗೇ ಉರಿಯುವುದಿಲ್ಲ. ಬೆಂಕಿ ಹರಡಲು ಸಮಯ ಬೇಕು. ಪಿಸ್ಟನ್ ಮೇಲ್ತುದಿ ಮುಟ್ಟಿ ಇನ್ನೇನು ಕೆಳಗಿಳಿಯಬೇಕು ಎನ್ನುವ ಹೊತ್ತಿಗೆ ಒತ್ತಡ ತುಂಬಿ ಬರಬೇಕಾದರೆ, ಕಿಡಿ ಅದಕ್ಕೂ ಮೊದಲೇ ಹಾರಬೇಕು. ಎಷ್ಟು ಮೊದಲು ಎಂಬ ಪ್ರಶ್ನೆಗೆ ಕೊಡುವ ಉತ್ತರವೇ ಇಗ್ನಿಷನ್ ಟೈಮಿಂಗ್.

ಹಳೆಯ 250 ಸಿಸಿ ಜಾವಾಕ್ಕೆ ತಯಾರಕರು ಕೊಟ್ಟ ಉತ್ತರ: ಪಿಸ್ಟನ್ ಮೇಲ್ತುದಿಗೆ ಇನ್ನೂ 3.5ರಿಂದ 4 ಮಿಲಿಮೀಟರ್ ದೂರ ಇರುವಾಗ. ಈ ಎಂಜಿನ್ನಿನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಲೆಕ್ಕ ಹಾಕಿದರೆ ಆ ಎತ್ತರವೆಂದರೆ ಕ್ರ್ಯಾಂಕ್ ತಿರುಗುವ ಕೋನದಲ್ಲಿ ಹೆಚ್ಚೂಕಡಿಮೆ 22ರಿಂದ 24 ಡಿಗ್ರಿ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ 15 ಮಿಲಿಸೆಕೆಂಡ್. ಆ ಇಪ್ಪತ್ತುಚಿಲ್ಲರೆ ಡಿಗ್ರಿಗೆ ಹೆಚ್ಚೆಂದರೆ ಒಂದು ಮಿಲಿಸೆಕೆಂಡ್. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಂದು ಕಿಡಿ. ಅಂದರೆ ಸೆಕೆಂಡಿಗೆ ಅರವತ್ತಾರು ಕಿಡಿ, ಪ್ರತಿಯೊಂದೂ ಅದೇ ಜಾಗದಲ್ಲಿ ಹಾರಬೇಕು. ಇದನ್ನು ಕಿವಿಯಲ್ಲಿ ಅಳೆಯುತ್ತೇನೆ ಎನ್ನುವವರಿಗೆ ದೊಡ್ಡ ನಮಸ್ಕಾರ.

ಡಿಗ್ರಿ ಬಿಟ್ಟು ಮಿಲಿಮೀಟರ್ ಕೊಟ್ಟಿದ್ದರಲ್ಲೂ ಬುದ್ಧಿವಂತಿಕೆ ಇದೆ. ಮೇಲ್ತುದಿಯ ಹತ್ತಿರ ಪಿಸ್ಟನ್ ತೀರಾ ಸೋಮಾರಿ. ಕ್ರ್ಯಾಂಕ್ ಐದು ಡಿಗ್ರಿ ತಿರುಗಿದರೂ ಪಿಸ್ಟನ್ ಇಳಿಯುವುದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ‘ಮೇಲ್ತುದಿ ಸರಿಯಾಗಿ ಯಾವ ಕೋನದಲ್ಲಿ’ ಎಂದು ಹುಡುಕಹೊರಟರೆ ಗ್ಯಾರೇಜಿನಲ್ಲಿ ತಲೆ ಕೆಡುತ್ತದೆ. ‘ಮೇಲ್ತುದಿಯ ಎತ್ತರ ಎಷ್ಟು’ ಎಂದು ಕೇಳಿದರೆ ಒಂದು ಕಡ್ಡಿಯೂ ಉತ್ತರ ಹೇಳುತ್ತದೆ. ಜಾವಾ ರೂಪಿಸಿದ ಝೆಕ್ ಎಂಜಿನಿಯರುಗಳು ಪ್ರಯೋಗಾಲಯಕ್ಕಲ್ಲ, ಹಳ್ಳಿಯ ಮೆಕ್ಯಾನಿಕ್ಕಿಗೆ ಮ್ಯಾನ್ಯುಯಲ್ ಬರೆದಿದ್ದರು.

ಬೋಲ್ಟು, ಹಾಳೆ, ಬಲ್ಬು

ನಾನು ಹೋದಾಗ ಸ್ಟ್ಯಾಂಡಿನ ಮೇಲಿದ್ದದ್ದು ಮೆರೂನ್ ಬಣ್ಣದ, ಟ್ಯಾಂಕಿನ ಬದಿಗೆ ಕ್ರೋಮ್ ಹೊಳೆಯುವ ಅರವತ್ತರ ದಶಕದ ಜಾವಾ. ಮಾಲೀಕರು ಬ್ಯಾಂಕಿನಿಂದ ನಿವೃತ್ತರಾದವರು. ಸ್ವಲ್ಪ ಕುಂಟುತ್ತಾ ಬಂದು ಸ್ಟೂಲಿನ ಮೇಲೆ ಕೂತರು. ಕಿಕ್ಕರ್ ತಿರುಗಿ ಹೊಡೆದು ಮೀನಖಂಡ ಊದಿತ್ತು. ಹಿಂದಿನ ವಾರವಷ್ಟೇ ಬೇರೆ ಯಾರೋ “ಟ್ಯೂನಿಂಗ್” ಮಾಡಿಕೊಟ್ಟಿದ್ದರಂತೆ.

ಮೇಸ್ತ್ರಿ ಬಲಗಡೆಯ ಕವರ್ ಬಿಚ್ಚಿದರು. ಜಾವಾದ ಡೈನಮೋ ಇರುವುದು ಅಲ್ಲೇ, ನೇರ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ. ಅದರ ಮುಂದೆ ಕ್ಯಾಮ್, ಕ್ಯಾಮ್‌ಗೆ ಒರಗಿಕೊಂಡ ಸಿಬಿ ಪಾಯಿಂಟ್, ಪಕ್ಕದಲ್ಲಿ ಕಂಡೆನ್ಸರ್. ಎಲ್ಲವೂ ಅಂಗೈ ಅಗಲದ ಜಾಗದಲ್ಲಿ. ಪಾಯಿಂಟ್ ಮುಚ್ಚಿರುವಾಗ ಕಾಯಿಲಿನಲ್ಲಿ ಕರೆಂಟು ಹರಿಯುತ್ತದೆ. ಕ್ಯಾಮಿನ ಉಬ್ಬು ಬಂದು ಪಾಯಿಂಟನ್ನು ಎತ್ತಿದ ಕ್ಷಣದಲ್ಲಿ ಆ ಹರಿವು ಕಡಿದು, ಕಾಯಿಲಿನ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ, ಪ್ಲಗ್ಗಿನಲ್ಲಿ ಕಿಡಿ. ಕಿಡಿ ಹಾರುವುದು ಪಾಯಿಂಟ್ ಮುಚ್ಚಿದಾಗಲ್ಲ, ಬಿಟ್ಟಾಗ. ಇಷ್ಟು ತಿಳಿಯದೆ ಟೈಮಿಂಗ್ ಇಡುವವರು ಈಗಲೂ ಇದ್ದಾರೆ ಎಂದು ಮೇಸ್ತ್ರಿಯ ದೂರು.

ಮೊದಲು ಅವರು ಮುಟ್ಟಿದ್ದು ಟೈಮಿಂಗನ್ನಲ್ಲ, ಪಾಯಿಂಟಿನ ಮುಖವನ್ನು. ಟಾರ್ಚ್ ಬಿಟ್ಟು ತೋರಿಸಿದರು. ಒಂದು ಮುಖದಲ್ಲಿ ಸಣ್ಣ ಗುಳಿ, ಎದುರಿನದರಲ್ಲಿ ಅದಕ್ಕೆ ತಕ್ಕ ಮೊನೆ. “ಇದ್ರ ನಡುವೆ ಫೀಲರ್ ಗೇಜ್ ತೂರಿಸಿದ್ರೆ ಅದು ಮೊನೆ ಮೇಲೆ ಕೂತ್ಕೊಂಡು ಸುಳ್ ಹೇಳ್ತದೆ.” ಸಣ್ಣ ಅರದಿಂದ ಎರಡು ಮುಖವನ್ನೂ ಸಮ ಮಾಡಿ, ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಹಿಂದಿನ ಚಕ್ರ ತಿರುಗಿಸಿದರು. ಗಾಡಿ ಟಾಪ್ ಗೇರಿನಲ್ಲಿತ್ತು, ಪ್ಲಗ್ ಬಿಚ್ಚಿತ್ತು. ಹಾಗಾಗಿ ಚಕ್ರದ ಜತೆ ಕ್ರ್ಯಾಂಕ್ ಹಗುರಾಗಿ ತಿರುಗಿತು. ಕ್ಯಾಮಿನ ಉಬ್ಬು ಪಾಯಿಂಟನ್ನು ಪೂರ್ತಿ ಎತ್ತಿದ ಜಾಗದಲ್ಲಿ ನಿಲ್ಲಿಸಿ 0.4 ಮಿ.ಮೀ. ಗೇಜ್ ಇಟ್ಟರು. ಎಳೆದಾಗ ಬೆಣ್ಣೆ ಸವರಿದಂತೆ ಜಾರಿ ಬರಬೇಕು. ಕ್ಯಾಮ್ ಸವರುವ ಫೆಲ್ಟ್ ತುಂಡಿಗೆ ಒಂದೇ ತೊಟ್ಟು ಎಣ್ಣೆ ಬಿಟ್ಟರು. ಎರಡು ತೊಟ್ಟು ಬಿಟ್ಟರೆ ಅದು ಪಾಯಿಂಟಿಗೆ ಸಿಡಿದು ಸುಡುತ್ತದೆ.

ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ತಪ್ಪಿದ್ದರಿಂದಲೇ ಬ್ಯಾಂಕಿನವರ ಕಾಲು ಊದಿದ್ದು. ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ಬಿಡುತ್ತದೆ, ಕಿಡಿ ಮುಂದಕ್ಕೆ ಬರುತ್ತದೆ; ತಗ್ಗಿಸಿದರೆ ತಡವಾಗುತ್ತದೆ. ಟೈಮಿಂಗ್ ಚೊಕ್ಕವಾಗಿ ಇಟ್ಟು ಆಮೇಲೆ “ಗ್ಯಾಪ್ ಸ್ವಲ್ಪ ನೋಡ್ಬಿಡೋಣ” ಎಂದವನು ಮಾಡಿದ ಕೆಲಸವನ್ನು ತಾನೇ ಕೆಡಿಸಿದಂತೆ. ಓಡುತ್ತಾ ಓಡುತ್ತಾ ಆಗುವುದೂ ಇದೇ. ಪಾಯಿಂಟಿನ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಸವೆದಂತೆ ಗ್ಯಾಪ್ ಕುಗ್ಗುತ್ತದೆ, ಗಾಡಿ ತಿಂಗಳು ತಿಂಗಳಿಗೂ ಮಂಕಾಗುತ್ತದೆ. ಮಾಲೀಕ ಕಾರ್ಬುರೇಟರನ್ನು ಬೈಯುತ್ತಾನೆ.

ಆಮೇಲೆ ಬಂತು ಆ ಬೋಲ್ಟು. ಹಳೆಯ ಪ್ಲಗ್ಗಿನ ಪಿಂಗಾಣಿ ತೆಗೆದು ಬರೀ ಲೋಹದ ಚಿಪ್ಪು ಉಳಿಸಿಕೊಂಡು, ಅದರೊಳಗೆ ಆರು ಮಿ.ಮೀ.ನ ಉದ್ದ ಬೋಲ್ಟಿಗೆ ದಾರಿ ಮಾಡಿದ್ದಾರೆ. ಮಾಮೂಲಿ ಆರು ಮಿ.ಮೀ. ಬೋಲ್ಟಿನ ಥ್ರೆಡ್ ಒಂದು ಸುತ್ತಿಗೆ ಸರಿಯಾಗಿ ಒಂದು ಮಿಲಿಮೀಟರ್ ಮುಂದೆ ಹೋಗುತ್ತದೆ. ಅಂದರೆ ಬೋಲ್ಟೇ ಅಳತೆಗೋಲು! ಪಿಸ್ಟನ್ ಗೀರಬಾರದೆಂದು ತುದಿಯನ್ನು ಗುಂಡಗೆ ಉಜ್ಜಿದ್ದಾರೆ. ಇದನ್ನು ಪ್ಲಗ್ ತೂತಿಗೆ ಬಿಗಿದು, ಚಕ್ರವನ್ನು ಹಿಂದೆ ಮುಂದೆ ಆಡಿಸುತ್ತಾ ಪಿಸ್ಟನ್ ಮುಟ್ಟುವ ಅತಿ ಎತ್ತರದ ಜಾಗಕ್ಕೆ ಬೋಲ್ಟನ್ನು ತಾಗಿಸಿದರು. ಚಕ್ರ ಹಿಂದಕ್ಕೆ ತಿರುಗಿಸಿ ಪಿಸ್ಟನ್ ಇಳಿಸಿದರು. ಬೋಲ್ಟನ್ನು ಮೂರೂವರೆ ಸುತ್ತು ಒಳಗೆ ಇಳಿಸಿದರು. ಮತ್ತೆ ಚಕ್ರವನ್ನು ಮುಂದಕ್ಕೆ, ಮಗುವನ್ನು ನಡೆಸುವಷ್ಟು ನಿಧಾನವಾಗಿ. ಪಿಸ್ಟನ್ ಬೋಲ್ಟಿಗೆ ತಾಗಿ ನಿಂತಿತು. ಅದೇ ಮೂರೂವರೆ ಮಿಲಿಮೀಟರ್.

ಪ್ಲಗ್ ತೂತು ಓರೆಯಿದ್ದರೆ ಸುತ್ತಿನ ಲೆಕ್ಕ ಬದಲಾಗುತ್ತದಲ್ಲ ಎಂದು ಕೇಳಿದೆ. ಮೇಸ್ತ್ರಿ ಬೋಲ್ಟಿನ ತಲೆ ತೋರಿಸಿದರು. ಅಂಚಿನಲ್ಲಿ ಅರದಿಂದ ಕೊರೆದ ಕಚ್ಚುಗಳು. ಒಂದೊಂದು ಮಾದರಿಯ ಗಾಡಿಗೂ ಹೆಡ್ ಬಿಚ್ಚಿ ಡಯಲ್ ಗೇಜ್ ಜತೆ ಒಮ್ಮೆ ತಾಳೆ ನೋಡಿ ಗುರುತು ಹಾಕಿಕೊಂಡಿದ್ದಾರೆ. “ದಿನಾ ಡಯಲ್ ಗೇಜ್ ತೆಗೆದ್ರೆ ಹುಡುಗ್ರು ಬೀಳಿಸ್ತವೆ. ಬೋಲ್ಟ್ ಬಿದ್ರೆ ಬೀಳ್ಲಿ.”

ಈ ಸ್ಥಿತಿಯಲ್ಲಿ ಪಾಯಿಂಟ್ ‘ಈಗ ಬಿಡಲೋ’ ಎನ್ನುವಂತಿರಬೇಕು. ಬಿಡುವ ಗಳಿಗೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಸಿಗರೇಟು ಪ್ಯಾಕಿನ ಪಾರದರ್ಶಕ ಹಾಳೆ. ಪಾಯಿಂಟಿನ ನಡುವೆ ಅದನ್ನು ಸಿಕ್ಕಿಸಿ ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ಹಿಡಿದುಕೊಂಡರು. ಬ್ಯಾಂಕಿನವರ ಗಾಡಿಯಲ್ಲಿ ಪಿಸ್ಟನ್ ಬೋಲ್ಟಿಗೆ ತಾಗುವ ಎಷ್ಟೋ ಮೊದಲೇ ಹಾಳೆ ಕಳಚಿ ಬಂತು. ಬೋಲ್ಟ್ ಎಣಿಸಿ ನೋಡಿದರೆ ಐದು ಮಿಲಿಮೀಟರ್ ದಾಟಿತ್ತು. ಪಾಯಿಂಟ್ ಕೂತಿರುವ ಪ್ಲೇಟಿನ ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಬಿಗಿದು, ಮತ್ತೆ ಚಕ್ರ ತಿರುಗಿಸಿ, ಮತ್ತೆ ಹಾಳೆ. ಬಿಗಿಯುವಾಗ ಪ್ಲೇಟ್ ತುಸು ಜರುಗುತ್ತದೆ, ಆದ್ದರಿಂದ ಬಿಗಿದ ಮೇಲೆ ನೋಡಿದ್ದೇ ನಿಜವಾದ ಅಳತೆ. ಕೊನೆಗೆ ಪಿಸ್ಟನ್ ಬೋಲ್ಟಿಗೆ ತಾಗುವುದಕ್ಕೂ ಹಾಳೆ ಬೆರಳಿಗೆ ಬರುವುದಕ್ಕೂ ಸರಿಹೋಯಿತು.

ನನ್ನ ಮುಖದ ಅನುಮಾನ ಕಂಡು ಆರು ವೋಲ್ಟಿನ ಬಲ್ಬೊಂದನ್ನೂ ತೆಗೆದರು. ಒಂದು ವೈರು ಪಾಯಿಂಟಿಗೆ, ಇನ್ನೊಂದು ಎಂಜಿನ್ ಬಾಡಿಗೆ. ಕೀ ಆನ್ ಮಾಡಿದರೆ, ಪಾಯಿಂಟ್ ಮುಚ್ಚಿರುವ ತನಕ ಕರೆಂಟು ಸಲೀಸು ದಾರಿಯಲ್ಲಿ ಪಾಯಿಂಟಿನ ಮೂಲಕವೇ ಹೋಗುತ್ತದೆ, ಬಲ್ಬ್ ಉರಿಯುವುದಿಲ್ಲ. ಪಾಯಿಂಟ್ ಬಿಟ್ಟ ಕ್ಷಣ ಬಲ್ಬ್ ಹೊತ್ತುತ್ತದೆ. ಹಾಳೆ ಬಂದ ಜಾಗದಲ್ಲೇ ಬಲ್ಬ್ ಹೊತ್ತಿತು. ಇಷ್ಟು ಅಗ್ಗದ ಸಾಮಾನು ಇಷ್ಟು ಕರಾರುವಾಕ್ಕಾಗಿ ಒಂದನ್ನೊಂದು ಒಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಿವಿ ಯಾಕೆ ಮೋಸ ಮಾಡುತ್ತದೆ

ಕಿವಿಯ ವಿಷಯಕ್ಕೆ ಮೇಸ್ತ್ರಿ ಕೊಟ್ಟ ಕಾರಣ ಭಾವನೆಯದಲ್ಲ, ಎಂಜಿನ್ನಿನದು. ನಿಂತ ಗಾಡಿಯನ್ನು ಐಡಲ್‌ನಲ್ಲಿ ಬಿಟ್ಟು ಪ್ಲೇಟನ್ನು ಮುಂದಕ್ಕೆ, ಅಂದರೆ ಕಿಡಿ ಬೇಗ ಹಾರುವ ಕಡೆಗೆ ಸರಿಸುತ್ತಾ ಹೋದರೆ ಐಡಲ್ ಏರುತ್ತದೆ, ಶಬ್ದ ಚುರುಕಾಗುತ್ತದೆ. ಕಿವಿಗೆ ಅದು ಹಿತ. “ಹಾಂ, ಈಗ ಬಂತು” ಎಂದು ಅಲ್ಲಿಗೇ ಬಿಗಿದರೆ ಟೈಮಿಂಗ್ ಬೇಕಾದ್ದಕ್ಕಿಂತ ಮುಂದಿರುತ್ತದೆ. ಖಾಲಿ ಗಾಡಿಯಲ್ಲಿ ಚೆಂದ ಕೇಳಿಸಿದ್ದು ಇಬ್ಬರು ಕೂತು ಏರು ಹತ್ತುವಾಗ ನಾಕಿಂಗ್ ಆಗಿ, ಎಂಜಿನ್ ಬಿಸಿಯಾಗಿ, ಕೊನೆಗೆ ಪಿಸ್ಟನ್ ತಲೆಯಲ್ಲಿ ತೂತು ಬೀಳುವ ತನಕ ಹೋಗುತ್ತದೆ.

ಇನ್ನೊಂದು ವಿಷಯ: ಟೂ ಸ್ಟ್ರೋಕ್ ಎಂಜಿನ್ ಐಡಲ್‌ನಲ್ಲಿ ಗಡಿಯಾರದಂತೆ ಓಡುವುದೇ ಇಲ್ಲ. ಥ್ರಾಟಲ್ ಮುಚ್ಚಿರುವಾಗ ಸುಟ್ಟ ಹೊಗೆ ಒಳಗೇ ಉಳಿದು, ಎರಡು ಮೂರು ಸುತ್ತಿಗೊಮ್ಮೆ ಮಾತ್ರ ಸರಿಯಾಗಿ ಹೊತ್ತಿಕೊಳ್ಳುತ್ತದೆ. ಆ ಏರುಪೇರು ಅದರ ಜಾಯಮಾನ. ಅದನ್ನು ಟೈಮಿಂಗ್ ದೋಷವೆಂದು ತಿಳಿದು ಪ್ಲೇಟ್ ತಿರುಗಿಸುತ್ತಾ ಕೂತವರು ಗಾಡಿ ಕೆಡಿಸಿದ್ದೇ ಹೆಚ್ಚು.

ಹಾಗಾದರೆ ಕಿವಿಗೆ ಕೆಲಸವೇ ಇಲ್ಲವೇ? ಇದೆ, ಆದರೆ ಕೊನೆಯಲ್ಲಿ. ಅಳತೆ ಮುಗಿದ ಮೇಲೆ ಗಾಡಿಯನ್ನು ಚಾಮುಂಡಿ ಬೆಟ್ಟದ ರಸ್ತೆಗೆ ಒಯ್ಯಬೇಕು. ಏರಿನಲ್ಲಿ ಥ್ರಾಟಲ್ ಕೊಟ್ಟಾಗ ಹೆಡ್ಡಿನಿಂದ ಕಲ್ಲು ಕುಲುಕಿದ ಹಾಗೆ ಟಕಟಕ ಬಂದರೆ ಟೈಮಿಂಗ್ ಇನ್ನೂ ಮುಂದಿದೆ. ಉಸಿರು ಕಟ್ಟಿದಂತೆ ಹತ್ತಿ, ಸೈಲೆನ್ಸರ್ ಬೆಂಡುಗಳು ವಿಪರೀತ ಕಾದು ನೀಲಿಗಟ್ಟಿದರೆ ಹಿಂದಿದೆ. ಕಿವಿ ತೀರ್ಪು ಕೊಡಬಹುದು, ಅಳತೆ ತೆಗೆಯಲಾರದು.

ಹಿಂದಕ್ಕೆ ಹೊರಟ ಗಾಡಿ

ಈಗ ನನ್ನ ಅತಿ ಪ್ರೀತಿಯ ವಿಷಯ. ಸಂಪಾದಕರು ಕತ್ತರಿಸದಿದ್ದರೆ ಸ್ವಲ್ಪ ಉದ್ದವಾಗುತ್ತದೆ.

ಜಾವಾ, ಯೆಜ್ಡಿ ಇಟ್ಟುಕೊಂಡಿದ್ದ ಮನೆಯಲ್ಲಿ ಬೆಳೆದವರು ಈ ಕಥೆ ಕೇಳಿಯೇ ಇರುತ್ತಾರೆ. ಅರೆಮನಸ್ಸಿನಿಂದ ಕಿಕ್ ಹೊಡೆದಾಗ ಗಾಡಿ ಒಮ್ಮೆ ಹಿಂದಕ್ಕೆ ಒದ್ದು, ಆಮೇಲೆ ಸ್ಟಾರ್ಟ್ ಆಗುತ್ತದೆ. ಶಬ್ದ ಸ್ವಲ್ಪ ಬೇರೆ, ಆದರೂ ಓಡುತ್ತಿದೆಯಲ್ಲ ಎಂದು ಸವಾರ ಫಸ್ಟ್ ಗೇರ್ ಹಾಕುತ್ತಾನೆ. ಗಾಡಿ ಹಿಂದಕ್ಕೆ ಹೊರಡುತ್ತದೆ!

ಮೇಸ್ತ್ರಿ ಇದನ್ನು ವಿವರಿಸಿದ ರೀತಿ ಸರಳ. ಹಳೆಯ ಜಾವಾದಲ್ಲಿ ಟೈಮಿಂಗ್ ಸ್ಥಿರ. ವೇಗ ಕಡಿಮೆಯಿದ್ದರೂ ಹೆಚ್ಚಿದ್ದರೂ ಕಿಡಿ ಅದೇ ಜಾಗದಲ್ಲಿ. ಕಿಕ್ ಮೆತ್ತಗಿದ್ದು ಪಿಸ್ಟನ್ ನಿಧಾನಕ್ಕೆ ಏರುತ್ತಿದ್ದರೆ, ಅದು ಮೇಲ್ತುದಿ ತಲುಪುವ ಮೊದಲೇ ಬೆಂಕಿ ಹರಡಿ ಮುಗಿದು ಪಿಸ್ಟನ್ನನ್ನು ಬಂದ ದಾರಿಗೇ ತಳ್ಳುತ್ತದೆ. ಬುಲೆಟ್ಟಾದರೆ ಅಲ್ಲಿಗೆ ಕಾಲು ನೋವು ಮಾತ್ರ. ಅದು ಫೋರ್ ಸ್ಟ್ರೋಕ್; ಕ್ರ್ಯಾಂಕ್ ತಿರುಗುಮುರುಗಾದರೆ ವಾಲ್ವ್‌ಗಳು ತಪ್ಪು ಕ್ರಮದಲ್ಲಿ ತೆರೆಯುತ್ತವೆ, ಎಂಜಿನ್ ನಿಲ್ಲುತ್ತದೆ. ಜಾವಾದಂಥ ಟೂ ಸ್ಟ್ರೋಕ್‌ನಲ್ಲಿ ವಾಲ್ವೇ ಇಲ್ಲ. ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಮುಚ್ಚಿ ತೆರೆಯುವುದು ಪಿಸ್ಟನ್ನೇ. ಪಿಸ್ಟನ್ ಏರಿದರೂ ಇಳಿದರೂ ಕಿಂಡಿಯ ಎತ್ತರ ಅದೇ ತಾನೆ? ಹಾಗಾಗಿ ಕ್ರ್ಯಾಂಕ್ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದು ಕಿಂಡಿಗಳಿಗೆ ಗೊತ್ತೇ ಆಗುವುದಿಲ್ಲ. ಪೆಟ್ರೋಲು ಬರುತ್ತದೆ, ಹೊಗೆ ಹೋಗುತ್ತದೆ.

ಗೊತ್ತಾಗುವುದು ಎರಡೇ ಅಂಗಗಳಿಗೆ. ಒಂದು, ಪಾಯಿಂಟ್: ದಿಕ್ಕು ಬದಲಾದಾಗ ಕ್ಯಾಮಿನ ಉಬ್ಬಿನ ಇನ್ನೊಂದು ಅಂಚು ಅದನ್ನು ಎತ್ತುತ್ತದೆ, ಕಿಡಿ ಯಾರೂ ಲೆಕ್ಕ ಹಾಕದ ಜಾಗದಲ್ಲಿ ಹಾರುತ್ತದೆ. ಅದಕ್ಕೇ ಹಿಮ್ಮುಖ ಓಟಕ್ಕೆ ಕಸುವಿಲ್ಲ. ಎರಡು, ಡೈನಮೋ: ತಿರುಗುಮುರುಗು ತಿರುಗಿದರೆ ಅದರ ಕಾಂತಶಕ್ತಿ ಬೆಳೆಯುವುದಿಲ್ಲ, ಚಾರ್ಜ್ ಆಗುವುದಿಲ್ಲ. ಹೆಡ್‌ಲೈಟ್ ಮೇಲಿನ ಕೆಂಪು ದೀಪ ಆರದೆ ಉರಿಯುತ್ತಲೇ ಇರುತ್ತದೆ. “ಸ್ಟಾರ್ಟ್ ಆದ್ಮೇಲೆ ರೇಸ್ ಕೊಟ್ರೂ ಕೆಂಪ್ ಲೈಟ್ ಆರ್ಲಿಲ್ಲ ಅಂದ್ರೆ ಗೇರ್ ಮುಟ್ಬೇಡಿ. ಒಂದಾ ಚಾರ್ಜಿಂಗ್ ಹೋಗಿದೆ, ಇಲ್ಲಾ ಗಾಡಿ ಉಲ್ಟಾ ಓಡ್ತಿದೆ. ಹಿಂದೆ ಯಾರವ್ರೆ ನೋಡ್ಕೊಳಿ.”

ಈ ಅವಗುಣವನ್ನೇ ಗುಣವಾಗಿ ಮಾಡಿಕೊಂಡವರಿದ್ದಾರೆ. ಜರ್ಮನಿಯ ಮೆಸ್ಸರ್‌ಸ್ಮಿಟ್ ಕೆಆರ್ 200 ಎಂಬ ಮೂರು ಚಕ್ರದ, ವಿಮಾನದ ಕಾಕ್‌ಪಿಟ್ ಮಾದರಿಯ ಪುಟ್ಟ ಕಾರು 1955ರಿಂದ 1964ರ ತನಕ ತಯಾರಾಗುತ್ತಿತ್ತು. ಅದಕ್ಕೆ 191 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ರಿವರ್ಸ್ ಗೇರ್ ಇರಲಿಲ್ಲ. ಹಿಂದೆ ಹೋಗಬೇಕಾದರೆ ಎಂಜಿನ್ ಆಫ್ ಮಾಡಿ, ಕೀಯನ್ನು ಇನ್ನಷ್ಟು ಒಳಕ್ಕೆ ಒತ್ತಿ ಮತ್ತೆ ಸ್ಟಾರ್ಟ್ ಮಾಡಬೇಕು. ಎಂಜಿನ್ ಉಲ್ಟಾ ತಿರುಗುತ್ತಿತ್ತು. ಆ ದಿಕ್ಕಿಗೆಂದೇ ಬೇರೆ ಪಾಯಿಂಟ್ ಇಟ್ಟಿದ್ದರಿಂದ ಟೈಮಿಂಗ್ ಕೂಡ ಸರಿಯಾಗಿರುತ್ತಿತ್ತು. ಪರಿಣಾಮ: ಮುಂದಕ್ಕೆ ನಾಲ್ಕು ಗೇರ್, ಹಿಂದಕ್ಕೂ ನಾಲ್ಕು ಗೇರ್! ಹಿಂದಕ್ಕೆ ಟಾಪ್ ಗೇರ್ ಹಾಕಿದ ಧೀರರು ಎಷ್ಟು ಜನರೋ.

ಕೆನಡಾದ ಸ್ಕೀ-ಡೂ ಹಿಮಬಂಡಿಗಳದ್ದು ಇನ್ನೂ ಚಮತ್ಕಾರ. ಗುಂಡಿ ಒತ್ತಿದರೆ ಎಂಜಿನ್ ವೇಗ ನಿಲ್ಲುವ ಹಂತಕ್ಕೆ ಇಳಿಯುತ್ತದೆ. ಆಗ ಎಲೆಕ್ಟ್ರಾನಿಕ್ ವ್ಯವಸ್ಥೆ ಬೇಕೆಂದೇ ಕಿಡಿಯನ್ನು ವಿಪರೀತ ಮುಂಚೆ ಹಾರಿಸಿ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ. ಎಂಜಿನ್ ದಿಕ್ಕು ಬದಲಿಸಿ ಓಡುತ್ತದೆ. ಬ್ಯಾಂಕಿನವರ ಮೀನಖಂಡ ಊದಿಸಿದ ಅದೇ ವಿದ್ಯೆ. ಸಮುದ್ರದ ದೊಡ್ಡ ಹಡಗುಗಳ ನಿಧಾನಗತಿಯ ಟೂ ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳೂ ಅಷ್ಟೇ. ಹಿಂದೆ ಸರಿಯಬೇಕಾದರೆ ಎಂಜಿನ್ ನಿಲ್ಲಿಸಿ ವಿರುದ್ಧ ದಿಕ್ಕಿಗೆ ಚಾಲೂ ಮಾಡುತ್ತಾರೆ. ಇದನ್ನು ಹೇಳಿದಾಗ ಮೇಸ್ತ್ರಿ ಮೊದಲ ಬಾರಿಗೆ ಕೆಲಸ ನಿಲ್ಲಿಸಿ ನನ್ನತ್ತ ನೋಡಿದರು. “ಹಡಗೂ ಜಾವಾ ತರಾನೇನಾ?” ಎಂದರು. ಅವರ ಮಟ್ಟಿಗೆ ಹಡಗಿನ ಗೌರವ ಏರಿತು.

ಯಾದವಗಿರಿಯಿಂದ ಇಲ್ಲಿಗೆ

ಇತಿಹಾಸ ಮೈಸೂರಿನವರಿಗೆ ಗೊತ್ತಿರುವುದೇ. ರುಸ್ತುಂ ಇರಾನಿ, ಫಾರೂಕ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ ಝೆಕ್ ತಂತ್ರಜ್ಞಾನದೊಂದಿಗೆ 1961ರಲ್ಲಿ ಯಾದವಗಿರಿಯಲ್ಲಿ ಜಾವಾ ತಯಾರಿಸತೊಡಗಿತು. ಕಾರ್ಖಾನೆ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗಳು ಯೆಜ್ಡಿಯಾದವು. 1978ರಲ್ಲಿ ರೋಡ್‌ಕಿಂಗ್ ಬಂತು. ಎರಡು ಸಿಲಿಂಡರಿನ 350 ಬಂದಾಗ ಮೆಕ್ಯಾನಿಕ್ಕುಗಳು ಒಂದರ ಬದಲು ಎರಡು ಪಾಯಿಂಟಿಗೆ ಟೈಮಿಂಗ್ ಇಡಬೇಕಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಗ ಅದೇ ಹೆಸರುಗಳಲ್ಲಿ ಬರುತ್ತಿರುವ ಹೊಸ ಗಾಡಿಗಳು ಫೋರ್ ಸ್ಟ್ರೋಕ್; ಅವುಗಳ ಟೈಮಿಂಗನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಮೇಸ್ತ್ರಿಯ ಬೋಲ್ಟಿಗೆ ಅಲ್ಲಿ ಪ್ರವೇಶವಿಲ್ಲ.

ಪಾಯಿಂಟ್, ಕಾಯಿಲ್, ಬ್ಯಾಟರಿಯ ಈ ವ್ಯವಸ್ಥೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್‌ರದ್ದು. 1910ರ ಕ್ಯಾಡಿಲಾಕ್ ಕಾರುಗಳಿಗೆ ಅದು ಬಂತು. ಕೈಯಿಂದ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಾಗ ಎಂಜಿನ್ ತಿರುಗಿ ಹೊಡೆದು ಮಣಿಕಟ್ಟು ಮುರಿಯುತ್ತಿದ್ದ ಕಾಲದಲ್ಲಿ, 1912ರ ಕ್ಯಾಡಿಲಾಕ್‌ಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟವರೂ ಅವರೇ. ಕಿಡಿ ಕೊಟ್ಟವರೇ ಕಿಡಿಯ ಏಟಿಗೂ ಮದ್ದು ಹುಡುಕಿದರು. ನಮ್ಮ ಜಾವಾದವರಿಗೆ ಮಾತ್ರ ಆ ಮದ್ದು ಸಿಗಲಿಲ್ಲ.

ಬುಲೆಟ್ಟಿನವರು ಬೇಜಾರು ಮಾಡಿಕೊಳ್ಳಬಾರದು, ಅವರದ್ದೂ ಹೇಳುತ್ತೇನೆ. ಹಳೆಯ ಬುಲೆಟ್ 350ಕ್ಕೆ ನಿಂತಲ್ಲಿ ಇಡುವ ಟೈಮಿಂಗ್ ಬರೀ 0.8 ಮಿ.ಮೀ. ವೇಗ ಏರಿದಂತೆ ಪಾಯಿಂಟಿನ ಹಿಂದಿನ ಪುಟ್ಟ ತೂಕದ ಗುಂಡುಗಳು ಹೊರಕ್ಕೆ ಬೀಸಿ ತಾವಾಗಿಯೇ ಕಿಡಿಯನ್ನು ಮುಂದಕ್ಕೆ ತರುತ್ತವೆ. ಜಾವಾಕ್ಕಿಂತ ಜಾಣ ಏರ್ಪಾಡು, ಒಪ್ಪೋಣ. ಆದರೆ ಗ್ರೀಸ್ ಒಣಗಿ ಆ ಗುಂಡುಗಳು ಬೀಸಿದಲ್ಲೇ ಸಿಕ್ಕಿಕೊಂಡರೆ ಅದು ಒದೆಯುವ ಒದೆ ಜಾವಾದ ಅಪ್ಪ. ಕೆಟ್ಟುಹೋಗಲು ಏನೂ ಇಲ್ಲದ ಜಾವಾದ ಸ್ಥಿರ ಟೈಮಿಂಗೇ ನನಗೆ ಇಷ್ಟ. ಇದು ಪಕ್ಷಪಾತ ಎನ್ನುವವರು ಎನ್ನಲಿ.

ಟೈಮಿಂಗ್ ನಿಲ್ಲದಿದ್ದರೆ

ಎಲ್ಲ ಸರಿಯಾಗಿ ಇಟ್ಟರೂ ವಾರದಲ್ಲಿ ಮತ್ತೆ ಕೆಟ್ಟರೆ? ಮೇಸ್ತ್ರಿ ಡೈನಮೋದ ಆರ್ಮೇಚರನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡುತ್ತಾರೆ. ಕ್ಯಾಮ್ ಕೂತಿರುವುದು ಕ್ರ್ಯಾಂಕಿನ ತುದಿಯಲ್ಲೇ. ಒಳಗಿನ ಬೇರಿಂಗ್ ಸವೆದು ಕ್ರ್ಯಾಂಕ್ ಅಲ್ಲಾಡುತ್ತಿದ್ದರೆ ಕ್ಯಾಮ್ ಕೂಡ ಅಲ್ಲಾಡುತ್ತದೆ. ಗ್ಯಾಪ್ ಒಂದೊಂದು ಸುತ್ತಿಗೆ ಒಂದೊಂದಾಗುತ್ತದೆ. ಅಂಥ ಎಂಜಿನ್‌ಗೆ ಯಾವ ಟೈಮಿಂಗೂ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ್ದು ಬೇರಿಂಗ್. ಪಾಯಿಂಟ್ ಬೇಗ ಬೇಗ ಸುಟ್ಟರೆ ಕಂಡೆನ್ಸರ್ ನೋಡಬೇಕು. ಪಾಯಿಂಟ್ ಬಿಡುವಾಗ ಅಲ್ಲೇ ಕಿಡಿ ಸಿಡಿಯದಂತೆ ತಡೆಯುವುದು ಅದರ ಕೆಲಸ. ಅದು ಸತ್ತರೆ ಪ್ಲಗ್ಗಿನ ಕಿಡಿ ಬಡವಾಗಿ ಪಾಯಿಂಟಿನ ಕಿಡಿ ದಪ್ಪವಾಗುತ್ತದೆ.

ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ “ಟೈಮಿಂಗ್ ಬದಲಿಸಬೇಕು” ಎಂಬ ಮಾತು ಕ್ಲಬ್ಬುಗಳಲ್ಲಿ ಜೋರಾಗಿದೆ. ನನಗೆ ಅಷ್ಟು ನಂಬಿಕೆಯಿಲ್ಲ. ಎಥೆನಾಲ್ ಬೆರೆತಾಗ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಹಳೆಯ ರಬ್ಬರ್ ಪೈಪು, ವಾಷರುಗಳು ಹಾಳಾಗುತ್ತವೆ. ಎರಡೂ ಕಾರ್ಬುರೇಟರ್ ಕಡೆಯ ರಿಪೇರಿ. ಮೇಸ್ತ್ರಿಯಂತೂ ಹಿಂದಿನಿಂದಲೂ 4ರ ತನಕ ಹೋಗದೆ 3.5ರ ಹತ್ತಿರವೇ ನಿಲ್ಲಿಸುತ್ತಾರೆ. ಸ್ವಲ್ಪ ಓಟ ಕಡಿಮೆಯಾದರೂ ಪಿಸ್ಟನ್ ಉಳಿಯುತ್ತದೆ ಎಂಬುದು ಅವರ ವಾದ.

ಪಾಯಿಂಟ್ ಕಿತ್ತೆಸೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸುವುದು ಈಗಿನ ರೂಢಿ. ಕೊನೆಕೊನೆಯ ಕೆಲವು ಯೆಜ್ಡಿಗಳಿಗೆ ಕಾರ್ಖಾನೆಯೇ ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತ್ತು, ಆದ್ದರಿಂದ ಅದು ಪಾಪವೇನಲ್ಲ. ದಿನಾ ಕೆಲಸಕ್ಕೆ ಹೋಗುವ ಗಾಡಿಯಾದರೆ ಹಾಕಿಸಿ. ಆದರೆ ಕಿಟ್ ಹಾಕಿದ ಮೇಲೂ ಅದರ ಪ್ಲೇಟನ್ನು ಯಾವ ಜಾಗದಲ್ಲಿ ಬಿಗಿಯಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅಲ್ಲೂ ಅದೇ ಮಿಲಿಮೀಟರ್ ಲೆಕ್ಕ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಗಾಡಿಗಳನ್ನು ತಿಕ್ಕಿ ತೊಳೆದು ಸಾಲಾಗಿ ನಿಲ್ಲಿಸಿ ಫೋಟೊ ಹೊಡೆಸಿಕೊಳ್ಳುತ್ತೇವೆ. ಕ್ಲಬ್ಬಿನವರಲ್ಲಿ ನನ್ನದೊಂದು ಮನವಿ. ಮುಂದಿನ ಬಾರಿ ಕ್ರೋಮ್ ಸ್ಪರ್ಧೆಗೆ ಕೊಡುವ ಸಮಯದಲ್ಲಿ ಅರ್ಧ ಗಂಟೆ ಉಳಿಸಿ, ನಿಮ್ಮೂರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದು, ಒಂದು ಗಾಡಿಯ ಬಲಗಡೆ ಕವರ್ ಬಿಚ್ಚಿಸಿ, ಎಲ್ಲರ ಮುಂದೆ ಟೈಮಿಂಗ್ ಇಡಿಸಿ. ಪಕ್ಕದಲ್ಲಿ ಒಬ್ಬರು ಬರೆದುಕೊಳ್ಳಲಿ. ಅಲ್ಲಿಯ ತನಕ, ನಿಮ್ಮ ಗಾಡಿ ಒಮ್ಮೆ ತಿರುಗಿ ಒದ್ದರೆ ಸಿಟ್ಟಿನಲ್ಲಿ ಇನ್ನೊಂದು ಕಿಕ್ ಹೊಡೆಯಬೇಡಿ. ಕೀ ಆಫ್ ಮಾಡಿ ಗ್ಯಾಪ್ ನೋಡಿ, ಆಮೇಲೆ ಟೈಮಿಂಗ್ ನೋಡಿ. ಬೇಕಾಗುವುದು ಒಂದು ಹಳೇ ಪ್ಲಗ್, ಒಂದು ಬೋಲ್ಟು, ಒಂದು ಚೂರು ಹಾಳೆ.